ಸಾವಿನ ಕಾರಣ: ವಯೋಸಹಜ

ನಾನು ಮಂಡ್ಯದಲ್ಲಿ ವಿಮೆ ಏಜೆಂಟ್. 22 ವರ್ಷ ಆಯಿತು. ಜೀವ ವಿಮೆಯ ಅರ್ಜಿಯಲ್ಲಿ ಒಂದು ಪಟ್ಟಿ ಇರುತ್ತದೆ. ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಬದುಕಿದ್ದರೆ ವಯಸ್ಸೆಷ್ಟು, ಆರೋಗ್ಯ ಹೇಗಿದೆ. ತೀರಿಕೊಂಡಿದ್ದರೆ ಎಷ್ಟನೇ ವಯಸ್ಸಿಗೆ, ಏನಾಗಿ. ನಾಮಿನಿ ಹೆಸರು ಕೇಳಿದರೆ ಜನ ತಟ್ಟನೆ ಹೇಳುತ್ತಾರೆ. ಅವ್ವ ಏನಾಗಿ ತೀರಿಕೊಂಡರು ಅಂತ ಕೇಳಿದರೆ ಮಾತ್ರ ಒಂದು ನಿಮಿಷ ಜಗಲಿ ಕಂಬ ನೋಡುತ್ತಾರೆ. ಆಮೇಲೆ "ವಯಸ್ಸಾಗಿತ್ತು ಬುಡಿ ಸಾ" ಅನ್ನುತ್ತಾರೆ. ನಾನು "ವಯೋಸಹಜ" ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಒಂದು ಅರ್ಜಿ ಚೆನ್ನಾಗಿ ನೆನಪಿದೆ. ನನ್ನ ಸೋದರತ್ತೆಯ ಮಗಳದ್ದು. ಏಜೆಂಟ್ ಆದ ಹೊಸದರಲ್ಲಿ ಎಲ್ಲರ ಹಾಗೆ ನಾನೂ ಮೊದಲು ನೆಂಟರ ಮನೆಗಳಿಗೇ ಹೋದೆ. ಅವಳ ತಾಯಿ, ಅಂದರೆ ನನ್ನ ಅತ್ತೆ, ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು. ವಯಸ್ಸು 51 ಅಂತ ನಾನೇ ಬರೆದೆ. ಪಕ್ಕದಲ್ಲಿ "ವಯೋಸಹಜ" ಅಂತಲೂ ನಾನೇ ಬರೆದೆ. 51ಕ್ಕೆ ಯಾರು ವಯಸ್ಸಾಗಿ ಸಾಯುತ್ತಾರೆ? ಬರೆಯುವಾಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಪಾಲಿಸಿ ಕೈತಪ್ಪಬಾರದು ಅಂತ ಸುಮ್ಮನಿರುತ್ತಿದ್ದೆನೋ ಏನೋ.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ನನ್ನ ಅಕ್ಕನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಆಗ ಅವಳಿಗೆ 46. ಮದ್ದೂರು ಕಡೆಯ ಹಳ್ಳಿ. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ತಿಂಗಳು ಮಾತ್ರೆ ನುಂಗಿದಳು. ಜೀರಿಗೆ ಕಷಾಯ ಕುಡಿದಳು. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಸೀರೆ ನೆರಿಗೆ ನಿಲ್ಲುತ್ತಿಲ್ಲ ಅಂತ ಅವಳೇ ನಗುತ್ತಿದ್ದಳು. ಸ್ಕ್ಯಾನ್ ಮಾಡಿಸಿದರೆ ಹೊಟ್ಟೆ ತುಂಬ ನೀರು. ಮೈಸೂರಿನ ಆಸ್ಪತ್ರೆಯಲ್ಲಿ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಅಂದರು. ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ. ಆ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತು.

ಆಪರೇಷನ್ ಆದ ಮೇಲೆ ಡಾಕ್ಟರು ಒಂದು ಮಾತು ಹೇಳಿದರು. "ಗಡ್ಡೆಯ ಬ್ಲಾಕ್ ತೆಗೆದುಕೊಂಡು ಜೀನ್ ಟೆಸ್ಟ್‌ಗೆ ಕಳಿಸಬೇಕು." ಬ್ಲಾಕ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ತೆಗೆದ ಗಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕೊರಿಯರ್ ಮೇಲೆ ನಂಬಿಕೆ ಬರಲಿಲ್ಲ. ನಾನೇ ಅದನ್ನು ತೆಗೆದುಕೊಂಡು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. ಬಿಸಿಲಿಗೆ ಮೇಣ ಕರಗಿಬಿಟ್ಟರೆ ಅಂತ ಹೆದರಿ ಟಿಫಿನ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಎದುರು ಸೀಟಿನವರು "ಏನ್ ಸಾರ್, ಮನೆ ಊಟಾನಾ?" ಅಂತ ಕೇಳಿದರು. ಹೂಂ ಅಂದೆ. ಬೇರೇನು ಹೇಳಲಿ?

ಆಗ ನನಗೆ ತಿಳಿಯದೇ ಇದ್ದದ್ದು, ಜೀನ್ ಟೆಸ್ಟ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪರೀಕ್ಷೆ ಇವೆ ಅಂತ. ಒಂದು ಗಡ್ಡೆಯದ್ದು. ಕ್ಯಾನ್ಸರ್ ಆದ ಜೀವಕೋಶದಲ್ಲಿ ಏನು ಕೆಟ್ಟಿದೆ ಅಂತ ನೋಡುವುದು. ಅಲ್ಲಿ ಸಿಗುವ ದೋಷ ಬಹಳ ಸಲ ಆ ಗಡ್ಡೆಯಲ್ಲಿ ಮಾತ್ರ ಇರುತ್ತದೆ. ರೋಗಿಯ ಜೊತೆಗೆ ಹುಟ್ಟಿದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ. ಇನ್ನೊಂದು ರಕ್ತದ್ದು. ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಏನು ಬಂದಿದೆ ಅಂತ ನೋಡುವುದು. ಮೊದಲನೆಯದು ಔಷಧಿ ಆರಿಸಲು. ಎರಡನೆಯದು ಔಷಧಿಗೂ ಆಯಿತು, ಮನೆಯವರಿಗೂ ಆಯಿತು. ಈ ವ್ಯತ್ಯಾಸವನ್ನು ಯಾರಾದರೂ ಮೊದಲ ದಿನವೇ ಐದು ನಿಮಿಷ ಕೂರಿಸಿ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಕೀಮೋ ವಾರ್ಡಿನಲ್ಲಿ ಕೆ.ಆರ್.ಪೇಟೆ ಕಡೆಯ ಒಬ್ಬ ಹೆಂಗಸಿನ ಪರಿಚಯವಾಗಿತ್ತು. ಒಂದು ಬೀಡಿಯನ್ನೂ ಮುಟ್ಟದ ಜೀವ. ಶ್ವಾಸಕೋಶದ ಕ್ಯಾನ್ಸರ್. ಅವರ ಗಡ್ಡೆಯಲ್ಲಿ ಇಜಿಎಫ್ಆರ್ ಅನ್ನುವ ಜೀನ್ ಬದಲಾಗಿತ್ತು. ಸಿಗರೇಟು ಸೇದದ ಏಷ್ಯಾದ ಹೆಂಗಸರಲ್ಲಿ ಈ ಬದಲಾವಣೆ ಹೆಚ್ಚು ಕಾಣುತ್ತದಂತೆ. ಇದಿದ್ದವರಿಗೆ ಯಾವ ಮಾತ್ರೆ ಕೆಲಸ ಮಾಡುತ್ತದೆ ಅನ್ನುವುದು 2004ರಲ್ಲೇ ಗೊತ್ತಾಗಿದೆ. ಅವರಿಗೆ ಕೀಮೋ ನಿಲ್ಲಿಸಿ ದಿನಕ್ಕೊಂದು ಮಾತ್ರೆ ಕೊಟ್ಟರು. ಮೂರು ತಿಂಗಳ ಮೇಲೆ ಮೆಟ್ಟಿಲು ಹತ್ತಿ ಬಂದರು. ಮುಖದ ಮೇಲೆ ಮೊಡವೆಯಂಥ ಗುಳ್ಳೆ ಎದ್ದಿದ್ದವು. "ಈ ವಯಸ್ನಲ್ಲಿ ನಂಗೆ ಹರೇದ್ ಹುಡ್ಗಿ ಮೊಗ ಬಂದದೆ ನೋಡಿ" ಅಂದರು. ಆ ಮಾತ್ರೆಯಿಂದ ಕಾಯಿಲೆ ಪೂರ್ತಿ ಹೋಗುವುದಿಲ್ಲ, ಕೆಲವು ಕಾಲ ಕಳೆದ ಮೇಲೆ ಗಡ್ಡೆ ಅದಕ್ಕೂ ಒಗ್ಗಿಕೊಳ್ಳುತ್ತದೆ. ಅದು ಅವರಿಗೂ ಗೊತ್ತಿತ್ತು. ಆದರೂ ಆ ದಿನ ಮೆಟ್ಟಿಲು ಹತ್ತಿದ್ದು ಹತ್ತಿದ್ದೇ.

ಇನ್ನೊಬ್ಬರ ಕಥೆ ಹೀಗಾಗಲಿಲ್ಲ. ನಿವೃತ್ತ ಮೇಷ್ಟ್ರು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಮಗ ಎಲ್ಲಿಂದಲೋ ಕೇಳಿಕೊಂಡು ಬಂದು ನೂರಾರು ಜೀನ್‌ಗಳನ್ನು ಒಟ್ಟಿಗೆ ನೋಡುವ ದೊಡ್ಡ ಪರೀಕ್ಷೆ ಮಾಡಿಸಿದ. ಸಾಲ ಮಾಡಿದ ದುಡ್ಡು. ಬಣ್ಣಬಣ್ಣದ ರಿಪೋರ್ಟ್ ಬಂತು, 20 ಪುಟದ ಮೇಲಿತ್ತು. ಕೊನೆಗೆ ಡಾಕ್ಟರು ಹೇಳಿದ್ದು, ಮೊದಲು ಯೋಚಿಸಿದ್ದ ಕೀಮೋನೇ ಕೊಡೋಣ ಅಂತ. ಅಂಥ ಪರೀಕ್ಷೆಯಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಅದರಿಂದಲೇ ದಾರಿ ಸಿಕ್ಕಿದೆ. ಆದರೆ ಕಾರಿಡಾರಿನಲ್ಲಿ ಫೈಲು ಹಿಡಿದು ನಿಂತ ಲ್ಯಾಬ್ ಪ್ರತಿನಿಧಿ "ಇನ್ನೂ ಸ್ವಲ್ಪ ಸೇರಿಸಿದರೆ ಇಷ್ಟು ಜೀನ್ ಜಾಸ್ತಿ ಬರುತ್ತೆ ಸರ್" ಅಂತ ಹೇಳುವುದನ್ನು ಕೇಳಿದಾಗ ನನಗೆ ಆ ಧಾಟಿ ಬಹಳ ಪರಿಚಿತ ಅನ್ನಿಸಿತು. ಪಾಲಿಸಿ ಜೊತೆ ರೈಡರ್, ಅಂದರೆ ಹೆಚ್ಚುವರಿ ರಕ್ಷಣೆ, ಮಾರುವಾಗ ನಾನು ಮಾತಾಡುವುದೂ ಹೀಗೇ. ಹೆದರಿದ ಗಿರಾಕಿ ಬೆಲೆ ಕೇಳುವುದಿಲ್ಲ. ಈ ಪರೀಕ್ಷೆಯ ಉತ್ತರ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಅಂತ ಡಾಕ್ಟರನ್ನು ಮೊದಲೇ ಕೇಳಬೇಕು. ಆ ಒಂದು ಪ್ರಶ್ನೆ ಕೇಳುವ ಧೈರ್ಯ ನನಗೂ ಅಕ್ಕನ ಸಲ ಬರಲಿಲ್ಲ, ಅದು ಬೇರೆ ಮಾತು.

ಅಕ್ಕನ ರಿಪೋರ್ಟ್ ಬರಲು ನಾಲ್ಕು ವಾರ ಹಿಡಿಯಿತು. ಗಡ್ಡೆಯಲ್ಲಿ ಬಿಆರ್‌ಸಿಎ-1 ಅನ್ನುವ ಜೀನ್ ಕೆಟ್ಟಿತ್ತು. ಇದು ಗಡ್ಡೆಯಲ್ಲಿ ಮಾತ್ರವೋ ಹುಟ್ಟಿನಿಂದಲೋ ತಿಳಿಯಬೇಕು, ರಕ್ತ ಕೊಡಿ ಅಂದರು. ನೇರಳೆ ಮುಚ್ಚಳದ ಒಂದು ಸಣ್ಣ ಟ್ಯೂಬು. ಜೊತೆಗೆ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಬರುವ ಕಾಯಿಲೆ ಬಗ್ಗೆ ಸಲಹೆ ಕೊಡುವವರನ್ನು ನೋಡಿ, ಮನೆಯ ಹಿರಿಯರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಅಂದರು.

ಹಾಗಾಗಿ ಒಂದು ಶನಿವಾರ ಅಕ್ಕ, ನಾನು, ಅಮ್ಮ ಮೂವರೂ ಹೋದೆವು. ಅಮ್ಮನಿಗೆ 70. ಗಟ್ಟಿಮುಟ್ಟಾಗಿದ್ದಾರೆ. ಕೌನ್ಸೆಲರ್ ಚಿಕ್ಕ ವಯಸ್ಸಿನ ಹುಡುಗಿ. ಮೇಜಿನ ಮೇಲೆ ಒಂದು ಖಾಲಿ ಹಾಳೆ ಹಾಕಿಕೊಂಡು ಬರೆಯತೊಡಗಿದಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ತೀರಿಕೊಂಡವರ ಮೇಲೆ ಓರೆ ಗೀಟು. ಕ್ಯಾನ್ಸರ್ ಇದ್ದವರಿಗೆ ಒಳಗೆ ಕಪ್ಪು. ಅಕ್ಕನ ಸೊನ್ನೆಗೆ ಒಂದು ಬಾಣ.

ಅಲ್ಲಿಯವರೆಗೆ ನಮ್ಮನ್ನು ಕೇಳಿದ್ದವರೆಲ್ಲ ಕೇಳಿದ್ದು "ತಾಯಿ ಕಡೆ ಯಾರಿಗಾದರೂ ಇತ್ತಾ?" ಅಂತ. ಹೆಂಗಸರ ಕಾಯಿಲೆ, ತಾಯಿಯಿಂದ ಮಗಳಿಗೆ ಬರುತ್ತದೆ ಅನ್ನುವ ಲೆಕ್ಕ. ಅಮ್ಮನ ಕಡೆ ಯಾರಿಗೂ ಇರಲಿಲ್ಲ. ಹಾಗಾಗಿ ಎಲ್ಲರ ಫೈಲಿನಲ್ಲೂ "ಕುಟುಂಬದಲ್ಲಿ ಇಲ್ಲ" ಅಂತಲೇ ಬರೆದಿತ್ತು. ಈ ಹುಡುಗಿ ಅಪ್ಪನ ಕಡೆ ಕೇಳಿದಳು. ಅಪ್ಪ ಐದು ವರ್ಷದ ಹಿಂದೆ ಹೃದಯಾಘಾತದಲ್ಲಿ ಹೋದರು, 70 ಆಗಿತ್ತು, ಅಂದೆ. "ಅವರ ತಾಯಿ?"

ವಯಸ್ಸಾಗಿ, ಅಂತ ಹೇಳಲು ಬಾಯಿ ತೆರೆದಿದ್ದೆ. ಅಭ್ಯಾಸ. ಅಷ್ಟರಲ್ಲಿ ಅಮ್ಮ ಮಾತಾಡಿದರು.

"ನಮ್ಮತ್ತೆಗೂ ಹೊಟ್ಟೆ ಊದ್ಕಂಡಿತ್ತು ಕಣವ್ವ. ಇವ್ಳು ಇನ್ನೂ ತೊಟ್ಲಲ್ಲಿದ್ಲು. ಮಂಡ್ಯದ ದೊಡ್ಡಾಸ್ಪತ್ರೇಲಿ ಎರಡ್ ಸಲ ನೀರು ತಗ್ಸುದ್ರು. ಕಾಮಾಲೆ ಅಂದ್ರು, ಯಾರೋ ಮದ್ದಿಕ್ಕವ್ರೆ ಅಂದ್ರು. ನಲವತ್ತೇಳೋ ನಲವತ್ತೆಂಟೋ ಇರ್ಬೇಕು. ನಾನೇ ಮೈ ಒರೆಸ್ತಿದ್ದೆ."

ಅಕ್ಕ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅಜ್ಜಿಯ ಈ ಕಥೆಯನ್ನು ನಾವು ಯಾವತ್ತೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಗೆ ಯಾರೋ ಮದ್ದು ಹಾಕಿದ್ದರು ಅನ್ನುವ ಕಥೆ ಮಾತ್ರ ಇತ್ತು. ಅದಕ್ಕಾಗಿ ಒಂದು ಮನೆಯವರ ಜೊತೆ ಇವತ್ತಿಗೂ ನೀರು ನಿಡಿ ಇಲ್ಲ.

ಕೌನ್ಸೆಲರ್ ಅಪ್ಪನ ಅಕ್ಕನ ಬಗ್ಗೆ ಕೇಳಿದಳು. ಅಮ್ಮ ಸೆರಗು ಸರಿಮಾಡಿಕೊಂಡರು. "ಅವ್ಳಿಗೆ ಎದೆ ಮ್ಯಾಲೆ ಗಡ್ಡೆ ಇತ್ತು. ಯಾರ್ಗೂ ತೋರುಸ್ನಿಲ್ಲ. ಒಂದಿನ ನೀರು ಹಾಕುವಾಗ ನಾನು ಕಂಡೆ. ಹೇಳ್‌ಬ್ಯಾಡ ಅಂತ ಕೈಮೇಲ್ ಕೈ ಮಡಗಿಸ್ಕಂಡ್ಲು." ಅಮ್ಮ ಆ ಮಾತನ್ನು 26 ವರ್ಷ ಉಳಿಸಿಕೊಂಡಿದ್ದರು. ನಾನು ಅದರ ಮೇಲೆ ವಯೋಸಹಜ ಅಂತ ಸೀಲು ಹೊಡೆದಿದ್ದೆ.

ಹುಡುಗಿ ಎರಡು ಸೊನ್ನೆಗೆ ಕಪ್ಪು ತುಂಬಿದಳು. ಅಜ್ಜಿ, ಅತ್ತೆ. ಮೂರನೆಯದು ಅಕ್ಕ. ನಡುವೆ ಅಪ್ಪನ ಚೌಕ ಮಾತ್ರ ಬಿಳಿ. ಗೆರೆ ಅದರ ಮೂಲಕವೇ ಹಾದುಹೋಗಿತ್ತು. ಲ್ಯಾಬಿನಲ್ಲಿ ನಾಲ್ಕು ವಾರ ಹುಡುಕಿದ್ದು ಅಮ್ಮನ ಬಾಯಲ್ಲಿ ಹತ್ತು ನಿಮಿಷದಲ್ಲಿ ಬಂತು. ಯಾರೂ ಕೇಳಿರಲಿಲ್ಲ ಅಷ್ಟೆ.

ಚಿತ್ರ ಬರೆಯುವಾಗ ಇನ್ನೊಂದು ತಮಾಷೆ ಆಯಿತು. ಅಕ್ಕನನ್ನು ಕೊಟ್ಟಿರುವುದು ಅಮ್ಮನ ತಮ್ಮನಿಗೇ. ನಮ್ಮ ಕಡೆ ಇದು ಮಾಮೂಲಿ. ಹಾಗಾಗಿ ನನಗೆ ಅವರು ಮಾವನೂ ಹೌದು, ಭಾವನೂ ಹೌದು. ರಕ್ತ ಸಂಬಂಧದಲ್ಲಿ ಮದುವೆಯಾದರೆ ಆ ಚಿತ್ರದಲ್ಲಿ ಜೋಡಿ ಗೆರೆ ಎಳೆಯಬೇಕಂತೆ. ಹುಡುಗಿ ಹಾಳೆಯ ಈ ತುದಿಯಿಂದ ಆ ತುದಿಗೆ ಜೋಡಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದಳು. ಕೊನೆಗೆ ಇನ್ನೊಂದು ಹಾಳೆ ಅಂಟಿಸಿದಳು. ಅಕ್ಕ ಮೆಲ್ಲಗೆ ಕೇಳಿದಳು: "ಒಳಸಂಬಂಧ ಮಾಡ್ಕೊಂಡಿದ್ದಕ್ಕೇ ಹೀಗಾಯ್ತು ಅಂತಾರೆ ಊರಲ್ಲಿ. ನಿಜವಾ?"

ಅಲ್ಲ ಅಂದಳು ಆ ಹುಡುಗಿ. ಒಳಸಂಬಂಧದಿಂದ ಹೆಚ್ಚಾಗುವುದು ಬೇರೆ ಜಾತಿಯ ಕಾಯಿಲೆಗಳು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ತೋರುವಂಥವು. ಇದು ಹಾಗಲ್ಲ, ಒಂದು ಕಡೆಯಿಂದ ಬಂದರೆ ಸಾಕು. ಬಂದಿದ್ದು ಅಪ್ಪನಿಂದ. ಅಕ್ಕ ದೂರದ ದಾವಣಗೆರೆಗೆ ಮದುವೆಯಾಗಿ ಹೋಗಿದ್ದರೂ ಇದು ಅವಳ ಜೊತೆಗೇ ಹೋಗುತ್ತಿತ್ತು. ಅಕ್ಕ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅಷ್ಟು ದಿನ ಆ ಮಾತು ಮಾವನನ್ನು ತಿನ್ನುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಬಿಆರ್‌ಸಿಎ-1 ಏನು ಮಾಡುತ್ತದೆ ಅಂತ ಅಮ್ಮನಿಗೆ ಹೇಳಬೇಕಿತ್ತು. ನಾನು ನೀರುಗಂಟಿ ಅಂದೆ. ವಿಶ್ವೇಶ್ವರಯ್ಯ ನಾಲೆ ಬಯಲಿನವರಿಗೆ ಬೇರೆ ವಿವರಣೆ ಬೇಕಿಲ್ಲ. ನಾಲೆ ಏರಿ ಎಲ್ಲಾದರೂ ಬಿರುಕು ಬಿಟ್ಟರೆ ನೀರುಗಂಟಿ ಕಂಡು ಮಣ್ಣು ಮುಚ್ಚುತ್ತಾನೆ. ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್ಎ ದಿನಾ ಅಲ್ಲಲ್ಲಿ ಕಿತ್ತುಹೋಗುತ್ತದೆ. ಅದನ್ನು ಹೊಲಿಯುವ ಕೆಲಸಕ್ಕೆ ಬಿಆರ್‌ಸಿಎ-1 ಬೇಕು. ಅಪ್ಪನ ಕಡೆಯಿಂದ ಒಬ್ಬ ನೀರುಗಂಟಿ, ಅಮ್ಮನ ಕಡೆಯಿಂದ ಒಬ್ಬ. ಅಕ್ಕನಿಗೆ ಹುಟ್ಟುವಾಗಲೇ ಒಬ್ಬನಿಲ್ಲ. ಇನ್ನೊಬ್ಬ ಇರುವ ತನಕ ನಡೆಯುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯವನೂ ಹೋದರೆ ಆ ಬಯಲಿಗೆ ಕಾವಲಿಲ್ಲ. ಬಿರುಕಿನ ಮೇಲೆ ಬಿರುಕು.

ಆ ಜೀನ್ 17ನೇ ಕ್ರೋಮೋಸೋಮ್ ಮೇಲಿದೆ ಅಂತ ಅಮೆರಿಕದ ಮೇರಿ-ಕ್ಲೇರ್ ಕಿಂಗ್ ತೋರಿಸಿದ್ದು 1990ರಲ್ಲಿ. ಸ್ತನ ಕ್ಯಾನ್ಸರ್ ವಂಶದಲ್ಲಿ ಬರಬಹುದು ಅನ್ನುವುದನ್ನೇ ಬಹಳ ಜನ ನಂಬದಿದ್ದ ಕಾಲ. 1994ರಲ್ಲಿ ಜೀನ್ ಕೈಗೆ ಸಿಕ್ಕಿತು. ಅದನ್ನು ಕಂಡುಹಿಡಿದ ಕಂಪನಿ ಅದರ ಮೇಲೆ ಪೇಟೆಂಟ್ ಪಡೆಯಿತು. ಅಕ್ಕನ ಮೈಯೊಳಗಿರುವ ಒಂದು ಸಾಲಿಗೆ ಯಾರೋ ಪಟ್ಟಾ ಮಾಡಿಸಿಕೊಂಡ ಹಾಗೆ. ಪ್ರಕೃತಿಯಲ್ಲಿ ಇರುವ ಜೀನ್‌ಗೆ ಪೇಟೆಂಟ್ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು.

ರಕ್ತದ ರಿಪೋರ್ಟೂ ಬಂತು. ಹುಟ್ಟಿನಿಂದ ಬಂದದ್ದೇ. ಅಕ್ಕನ ಜೀನಿನಲ್ಲಿ ಶುರುವಿನ ಹತ್ತಿರವೇ ಡಿಎನ್ಎ ಬರಹದ ಎರಡು ಅಕ್ಷರ ಬಿಟ್ಟುಹೋಗಿವೆ. ಒಂದು ಎ, ಒಂದು ಜಿ. ಸಾವಿರಾರು ಅಕ್ಷರದಲ್ಲಿ ಎರಡು ಹೋದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಜೀವಕೋಶ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. "ಅವನು ಮರವ ಕಡಿದ ಬಳಿಕ" ಅಂತ ಇದೆ ಅಂದುಕೊಳ್ಳಿ. ಮ, ರ ಎರಡನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿ. "ಅವನು ವಕಡಿ ದಬಳಿ ಕ". ಅಲ್ಲಿಂದ ಮುಂದೆ ಎಲ್ಲ ಹಾಳು. ಈ ಎರಡಕ್ಷರದ ತಪ್ಪು ಹೆಸರಾದದ್ದು ಯುರೋಪ್ ಮೂಲದ ಯಹೂದಿ ಕುಟುಂಬಗಳಲ್ಲಿ. ದಕ್ಷಿಣ ಭಾರತದ ಕುಟುಂಬಗಳಲ್ಲೂ ಮತ್ತೆ ಮತ್ತೆ ಸಿಕ್ಕಿದೆ. ಮದ್ದೂರು ತಾಲ್ಲೂಕಿನ ನಮ್ಮ ಅಜ್ಜಿಗೂ ಇತ್ತು ಅಂತ ಈಗ ಹೇಳಬಹುದು. ಯಾರೂ ಮದ್ದು ಹಾಕಿರಲಿಲ್ಲ.

ಅಕ್ಕನಿಗೆ ಈ ಫಲಿತಾಂಶದಿಂದ ನೇರ ಲಾಭ ಆಯಿತು. ಕೀಮೋ ಮುಗಿದ ಮೇಲೆ ಓಲಾಪರಿಬ್ ಅನ್ನುವ ಮಾತ್ರೆ. ಬೆಳಿಗ್ಗೆ ಎರಡು, ರಾತ್ರಿ ಎರಡು. ನೀರುಗಂಟಿ ಇಲ್ಲದ ಜೀವಕೋಶ ಸಣ್ಣಪುಟ್ಟ ಬಿರುಕನ್ನು ಮುಚ್ಚಲು ಬೇರೆ ಒಬ್ಬ ಆಳನ್ನು ನಂಬಿಕೊಂಡಿರುತ್ತದೆ. ಮಾತ್ರೆ ಆ ಆಳನ್ನೂ ತಡೆಯುತ್ತದೆ. ಒಳ್ಳೆಯ ಜೀವಕೋಶಕ್ಕೆ ಇನ್ನೊಬ್ಬ ನೀರುಗಂಟಿ ಇರುವುದರಿಂದ ಹೇಗೋ ಬದುಕುತ್ತದೆ. ಕ್ಯಾನ್ಸರ್ ಜೀವಕೋಶಕ್ಕೆ ಯಾರೂ ಇಲ್ಲ, ಅದು ಸಾಯುತ್ತದೆ. ಎಂಥ ಲೆಕ್ಕಾಚಾರ! ಅಕ್ಕನಿಗೆ ರಕ್ತ ಕಡಿಮೆಯಾಗಿ ಎರಡು ಸಲ ಮಾತ್ರೆ ನಿಲ್ಲಿಸಬೇಕಾಯಿತು, ಡೋಸ್ ಇಳಿಸಿದರು. ಬೆಲೆಯ ವಿಷಯ ಕೇಳಬೇಡಿ. ಮಾವ ಅರ್ಧ ಎಕರೆ ಗದ್ದೆ ಮಾರಿದರು. ಈ ಯುಗಾದಿಗೆ ಒಬ್ಬಟ್ಟು ತಟ್ಟುವಷ್ಟು ಅಕ್ಕ ಚೇತರಿಸಿಕೊಂಡಿದ್ದಳು.

ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇತ್ತು. ರಕ್ತಸಂಬಂಧಿಗಳಿಗೆ ತಿಳಿಸಿ, ಪರೀಕ್ಷೆಗೆ ಸಲಹೆ ನೀಡಿ ಅಂತ. ಒಂದೇ ಸಾಲು. ಅದನ್ನು ಬರೆದವರು ಮಂಡ್ಯ ಜಿಲ್ಲೆಯಲ್ಲಿ ನೆಂಟರ ಮನೆಗಳಿಗೆ ಹೋಗಿ ನೋಡಿರಲಿಕ್ಕಿಲ್ಲ.

ಮೊದಲು ನಮ್ಮ ಮನೆ. ಒಂದು ಕುಟುಂಬದಲ್ಲಿ ತಪ್ಪು ಎಲ್ಲಿದೆ ಅಂತ ಒಮ್ಮೆ ಗೊತ್ತಾದರೆ ಉಳಿದವರಿಗೆ ಆ ಒಂದು ಜಾಗ ಮಾತ್ರ ನೋಡಿದರೆ ಸಾಕು. ಖರ್ಚೂ ಕಡಿಮೆ. ನಾನು ಮತ್ತು ತಂಗಿ ಒಂದೇ ದಿನ ರಕ್ತ ಕೊಟ್ಟೆವು. ಇಬ್ಬರಿಗೂ ಸರಿಸಮ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. ನನ್ನದು ಪಾಸಿಟಿವ್. ತಂಗಿಯದು ನೆಗೆಟಿವ್. ಫೋನಿನಲ್ಲಿ ಹೇಳಿದಾಗ ಅವಳು ಅತ್ತಳು. ಖುಷಿಗೆ ಅಂದುಕೊಂಡೆ. "ಅಕ್ಕನ ಮುಖ ಹೇಗಣ್ಣ ನೋಡಲಿ?" ಅಂದಳು. ತಿಂಗಳುಗಟ್ಟಲೆ ಅಕ್ಕನ ಮನೆಗೆ ಹೋಗಲಿಲ್ಲ. ತಪ್ಪಿಸಿಕೊಂಡವರಿಗೂ ಒಂದು ಭಾರ ಇರುತ್ತದೆ ಅಂತ ಕೌನ್ಸೆಲರ್ ಮೊದಲೇ ಹೇಳಿದ್ದಳು. ನಾನು ನಂಬಿರಲಿಲ್ಲ.

ನನಗೇನೂ ದೊಡ್ಡ ಅಪಾಯವಿಲ್ಲ. ಗಂಡಸರಿಗೆ ಬಿಆರ್‌ಸಿಎ-1 ಕೆಟ್ಟಿದ್ದರೆ ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೆ. ಇದೇ ಥರದ ಇನ್ನೊಂದು ಜೀನ್ ಬಿಆರ್‌ಸಿಎ-2 ಕೆಟ್ಟಿದ್ದರೆ ಇನ್ನೂ ಹುಷಾರಾಗಿರಬೇಕಿತ್ತು. ನಾನು ಅಪ್ಪನ ಹಾಗೆ, ಕಾಗದ ಒಡೆಯದೆ ಮುಂದಕ್ಕೆ ಮುಟ್ಟಿಸುವ ಅಂಚೆಯವನು. ನನಗೆ ಒಬ್ಬಳು ಮಗಳು. ಮೊದಲ ಪಿಯುಸಿ.

ಆಮೇಲೆ ನೆಂಟರು. ಲಗ್ನಪತ್ರಿಕೆ ಹಂಚಲು ಪಟ್ಟಿ ಮಾಡುವ ಹಾಗೆ ಪಟ್ಟಿ ಮಾಡಿದೆ. ಚಿಕ್ಕಪ್ಪ, ಅವರ ಮಗ, ಇಬ್ಬರು ಹೆಣ್ಣುಮಕ್ಕಳು. ಅತ್ತೆಯ ಮಗಳು, ಅವಳ ತಮ್ಮ. ಫೋನಿನಲ್ಲಿ ಹೇಳುವ ವಿಷಯವಲ್ಲ ಅಂತ ಬೈಕಿನಲ್ಲಿ ಹೊರಟೆ.

ಚಿಕ್ಕಪ್ಪ ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಾರೆ. ನಾನು ಹೋದಾಗ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಹೊಗೆ, ಹಬೆ, ಸಿಹಿ ವಾಸನೆ. ಅಲ್ಲೇ ನಿಂತು ಎಲ್ಲ ಹೇಳಿದೆ. ಅವರು ಪಾಕದಿಂದ ಕಣ್ಣು ತೆಗೆಯಲಿಲ್ಲ.

"ಚಿಕ್ಕವಳ ಮಾತುಕತೆ ನಡೀತಾ ಅದೆ ಕಣ್ಲಾ."

"ಗೊತ್ತು ಚಿಕ್ಕಪ್ಪ. ಅದಕ್ಕೇ ಬಂದೆ."

"ರಕ್ತ ಪರೀಕ್ಷೆ ಅಂದ್ರೆ ಗಂಡಿನ್ ಕಡೇರು ಬುಟ್ಟಾರಾ? ವಂಶದಲ್ಲೇ ಕಾಯ್ಲೆ ಅಂತ ಊರೆಲ್ಲ ಸಾರ್ಬುಡ್ತಾರೆ. ಮದ್ವೆ ಆಗ್ಲಿ. ಆಮ್ಯಾಕ್ ನೋಡನ."

ನಾನು ವಾದ ಮಾಡಲು ಹೋದೆ. ಅಂಕಿ ಹೇಳಿದೆ. 2017ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಈ ದೋಷ ಇರುವ 100 ಹೆಂಗಸರಲ್ಲಿ ಸುಮಾರು 72 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಸ್ತನಕ್ಕಾದರೆ 25 ವರ್ಷದಿಂದ ಎಂಆರ್‌ಐ, 30ರಿಂದ ಮ್ಯಾಮೊಗ್ರಾಂ ಅನ್ನುವ ಸ್ತನದ ಎಕ್ಸ್‌ರೇ, ಹೀಗೆ ಕಾದು ನೋಡಬಹುದು. ಅಂಡಾಶಯಕ್ಕೆ ನಂಬಬಹುದಾದ ತಪಾಸಣೆ ಇನ್ನೂ ಇಲ್ಲ. ಹಾಗಾಗಿ ಮಕ್ಕಳಾದ ಮೇಲೆ, 35ರಿಂದ 40ರೊಳಗೆ, ಅಂಡಾಶಯ ಮತ್ತು ಅಂಡನಾಳ ತೆಗೆಸಿಬಿಡಿ ಅನ್ನುತ್ತಾರೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ, ಪಾಲಿಸಿ ಮಾರುವ ಹಾಗೆ. ಚಿಕ್ಕಪ್ಪ ಕೇಳಿಸಿಕೊಂಡು "ಬೆಲ್ಲ ತಗಂಡ್ ಹೋಗು" ಅಂದರು. ಎರಡು ಅಚ್ಚು ಬೆಲ್ಲ ಪೇಪರಿನಲ್ಲಿ ಸುತ್ತಿಸಿಕೊಂಡು ಬಂದೆ. ಬೈಕ್ ಹತ್ತಿರ ಚಿಕ್ಕಮ್ಮ ಬಂದು ಕೌನ್ಸೆಲರ್ ನಂಬರ್ ಕೇಳಿದರು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಚಿಕ್ಕಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೆದರಿದ್ದು ಸುಳ್ಳು ಭಯವಲ್ಲ.

ಅತ್ತೆಯ ಮಗಳು ಮೈಸೂರಿನ ಕುವೆಂಪುನಗರದಲ್ಲಿದ್ದಾಳೆ. ಈಗ 53. ನಾನು ಬರುವುದಕ್ಕೆ ಮೊದಲೇ ಸುದ್ದಿ ಕೇಳಿ ತಾನೇ ಒಂದು ಕಡೆ ದೊಡ್ಡ ಪ್ಯಾನಲ್, ಅಂದರೆ ಬಹಳ ಜೀನ್‌ಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ, ಮಾಡಿಸಿಬಿಟ್ಟಿದ್ದಳು. ನಮ್ಮ ಮನೆತನದ ತಪ್ಪು ಅವಳಿಗೆ ಬಂದಿಲ್ಲ. ಆದರೆ ಬೇರೊಂದು ಜೀನಿನಲ್ಲಿ "ಅರ್ಥ ಖಚಿತವಾಗದ ಬದಲಾವಣೆ" ಅಂತ ಬರೆದಿತ್ತು. ಅವಳಿಗೆ ಊಟ ಸೇರುತ್ತಿರಲಿಲ್ಲ. "ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಇದೇನೋ ಇದು?" ಇಂಥ ಉತ್ತರ ನಮ್ಮವರಿಗೆ ಜಾಸ್ತಿ ಬರುತ್ತದೆ. ಯಾವ ಬದಲಾವಣೆ ಕೆಟ್ಟದ್ದು, ಯಾವುದು ಸುಮ್ಮನೆ ಮೂಗಿನ ಮೇಲಿನ ಮಚ್ಚೆಯಂಥದ್ದು ಅಂತ ಹೋಲಿಸಿ ನೋಡುವ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ತುಂಬಿದ್ದಾರೆ. ಅಲ್ಲಿ ಕಾಣದ್ದು ಇಲ್ಲಿ ಕಂಡರೆ ಲ್ಯಾಬಿಗೂ ಗೊಂದಲ. ಅದಕ್ಕಾಗಿಯೇ ನಮ್ಮ ದೇಶದ 10,000 ಜನರ ಜೀನೋಮ್, ಅಂದರೆ ಪೂರ್ತಿ ಡಿಎನ್ಎ, ಓದುವ ಜೀನೋಮ್ ಇಂಡಿಯಾ ಯೋಜನೆ ನಡೆದಿದ್ದು. ಅದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇಂಥ ಅನುಮಾನದ ಬದಲಾವಣೆಗಳಲ್ಲಿ ಹೆಚ್ಚಿನವು ಆಮೇಲೆ ನಿರಪಾಯ ಅಂತಲೇ ಗೊತ್ತಾಗುತ್ತವೆ, ಇದನ್ನು ನಂಬಿಕೊಂಡು ಯಾವ ಆಪರೇಷನ್ನೂ ಮಾಡಿಸಬೇಡಿ ಅಂತ ಕೌನ್ಸೆಲರ್ ಅವಳಿಗೆ ಎರಡು ಸಲ ಹೇಳಿದಳು. ಮೂರನೇ ಸಲ ನಾನು ಹೇಳಿದೆ.

ಆ ದಿನ ಅವಳ ಹಳೇ ಪಾಲಿಸಿ ಬಾಂಡ್ ತೆಗೆಸಿದೆ. ಅರ್ಜಿಯ ನಕಲು ಅದರ ಜೊತೆಗೇ ಇತ್ತು. ನನ್ನದೇ ಕೈಬರಹ. ತಾಯಿ, 51, ವಯೋಸಹಜ. ಅವಳಿಗೆ ತೋರಿಸಿದೆ. ಅವಳು ಓದಿ, ಮಡಚಿ, ವಾಪಸ್ ಬೀರುವಿಗೆ ಇಟ್ಟಳು. "ನನಗೂ ಗೊತ್ತಿತ್ತು ಕಣೋ. ಅಮ್ಮನ ಬಟ್ಟೆ ಒಗೀತಿದ್ದವಳು ನಾನೇ ಅಲ್ವಾ" ಅಂದಳು.

ಮಗಳ ವಿಷಯಕ್ಕೆ ಬರುತ್ತೇನೆ. 18 ತುಂಬುವ ಮೊದಲು ಈ ಪರೀಕ್ಷೆ ಮಾಡುವುದಿಲ್ಲ. ಆಗಲೂ ಮಾಡಿಸಬೇಕೋ ಬೇಡವೋ ಅನ್ನುವುದು ಅವಳ ನಿರ್ಧಾರ. ಹೆಂಡತಿ ಮತ್ತು ನಾನು ಎಷ್ಟೋ ಸಂಜೆ ಇದನ್ನೇ ಮಾತಾಡಿದ್ದೇವೆ. ನನ್ನ ವೃತ್ತಿಯ ತಲೆ ಬೇರೆ ಥರ ಓಡುತ್ತದೆ. ಪರೀಕ್ಷೆಗೆ ಮೊದಲೇ ಅವಳ ಹೆಸರಲ್ಲಿ ಪಾಲಿಸಿ ಮಾಡಿಸಿಬಿಡೋಣವೇ? ಅರ್ಜಿಯಲ್ಲಿ ತಂದೆಯ ಆರೋಗ್ಯ ಅಂತ ಇರುವ ಕಡೆ ಏನು ಬರೆಯುವುದು? ಜೀನ್ ನೋಡಿ ತಾರತಮ್ಯ ಮಾಡಬಾರದು ಅಂತ ಅಮೆರಿಕದಲ್ಲಿ 2008ರಲ್ಲೇ ಒಂದು ಕಾನೂನು ಬಂತು, ವಿಮೆಯ ಮಟ್ಟಿಗೆ ಅದೂ ಆರೋಗ್ಯ ವಿಮೆಗೆ ಮಾತ್ರ, ಜೀವ ವಿಮೆಗೆ ಇಲ್ಲ. ನಮ್ಮಲ್ಲಿ 2018ರಲ್ಲಿ ದೆಹಲಿ ಹೈಕೋರ್ಟ್ ವಂಶವಾಹಿಯ ಕಾರಣ ಹೇಳಿ ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡಬಾರದು ಅಂದಿತು. ವಿಷಯ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. 22 ವರ್ಷ ಈ ಕಡೆ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದವನಿಗೆ ಆ ಕಡೆ ಕೂತಾಗ ಕಾಲು ನಡುಗಿತು ಅಂತ ಮಾತ್ರ ಹೇಳಬಲ್ಲೆ.

ಮಗಳಿಗೆ ನಾನು ಇನ್ನೂ ಹೇಳಿರಲಿಲ್ಲ. ಕಳೆದ ತಿಂಗಳು ಬಯಾಲಜಿ ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅಪ್ಪ, ದೊಡ್ಡತ್ತೆದು ಆಟೋಸೋಮಲ್ ಡಾಮಿನೆಂಟ್ ಅಲ್ವಾ? ಹಾಗಾದ್ರೆ ನೀವು ಮಾಡಿಸಿದ್ದೀರಾ?" ಒಬ್ಬರಿಂದ ಬಂದರೂ ಸಾಕು ಅನ್ನುವ ದೋಷಕ್ಕೆ ಇಂಗ್ಲಿಷಿನ ಹೆಸರು ಅದು. ಅಕ್ಕನ ಫೈಲು ಯಾವಾಗ ಓದಿದಳೋ. ಮಾಡಿಸಿದ್ದೀನಿ ಅಂದೆ. ಅವಳು ನನ್ನ ಮುಖ ನೋಡಿದಳು, ಮುಂದೆ ಕೇಳಲಿಲ್ಲ. ಕೊತ್ತಂಬರಿ ಸೊಪ್ಪು ಬಿಡಿಸಲು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಸೊಪ್ಪು ಮುಗಿಯುವಷ್ಟರಲ್ಲಿ ಎಲ್ಲ ಹೇಳಿದ್ದೆ.

ಮೊನ್ನೆ ಗುತ್ತಲಿನಲ್ಲಿ ಒಬ್ಬ ಹುಡುಗನ ಮನೆಗೆ ಹೋಗಿದ್ದೆ. 27 ವರ್ಷ, ಹೊಸ ಕೆಲಸ, ಮೊದಲ ಪಾಲಿಸಿ. ಅರ್ಜಿ ತುಂಬುತ್ತಾ ಆ ಪಟ್ಟಿಗೆ ಬಂದೆ. ತಾಯಿ ಇಲ್ಲ ಅಂದ. ತೀರಿಕೊಂಡಾಗ 41.

"ಏನಾಗಿತ್ತು?"

"ಏನೋ ಸಾರ್, ಹುಷಾರಿರ್ಲಿಲ್ಲ. ನಾನು ಚಿಕ್ಕವ್ನು. ಮಾಮೂಲಿ ಏನ್ ಬರೀತೀರೋ ಅದನ್ನೇ ಬರ್ಕಳಿ."

ಪೆನ್ನಿನ ಕ್ಯಾಪ್ ಹಾಕಿದೆ. ಅರ್ಜಿ ಮಡಚಿ ಬ್ಯಾಗಿಗೆ ಹಾಕಿದೆ. ಗೊತ್ತಾದ ಮೇಲೆ ಅದರಲ್ಲಿ ಸುಳ್ಳು ಬರೆಯುವ ಹಾಗಿಲ್ಲ, ಈ ಪಾಲಿಸಿ ನನಗೆ ಸಿಗದೇ ಹೋಗಬಹುದು ಅಂತ ಗೊತ್ತಿತ್ತು.

"ನಿಮ್ಮ ದೊಡ್ಡಮ್ಮ, ಅಜ್ಜಿ, ಯಾರಾದ್ರೂ ಇದ್ದಾರಾ? ಅವರನ್ನ ಕೇಳಿ. ಹೊಟ್ಟೆ ಊದಿತ್ತಾ, ಎದೇಲಿ ಗಂಟಿತ್ತಾ, ಅಂತ. ಅರ್ಜಿ ಆಮೇಲೆ ನೋಡೋಣ."

ಅವನು ವಿಚಿತ್ರವಾಗಿ ನನ್ನನ್ನು ನೋಡಿದ. ಅಷ್ಟರಲ್ಲಿ ಒಳಗಿಂದ ಅವನ ತಂಗಿ ಕಾಫಿ ತಂದಳು.